ಕಿವಿರಿನ ಕೆಂಪು

ಏಪ್ರಿಲ್ 26, ಶನಿವಾರ

ಇವತ್ತೂ ಒಂದು ಬಕೆಟ್. ಎಲ್ಲ ಪರ್ಚ್. ಅಂಗೈ ಉದ್ದದ ಹಳದಿ ಮೀನು, ಬೆನ್ನಿನ ತುಂಬ ಮುಳ್ಳು. ಗರಾಜಿನ ನೆಲಕ್ಕೆ ಅಂಗಡಿಯ ಫ್ಲೈಯರ್ ಹಾಸಿ, ಮೆಟ್ಟುಕತ್ತಿಯ ಮಣೆಯ ಮೇಲೆ ಕಾಲಿಟ್ಟು ಕೂತೆ. ಮಲ್ಪೆಯಿಂದ ಈ ದೇಶಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದ ಕತ್ತಿ. ಅಮ್ಮನದು. ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆಯುವುದು, ರೆಕ್ಕೆ ಕತ್ತರಿಸುವುದು, ಹೊಟ್ಟೆ ಸೀಳಿ ಪಿತ್ತ ಒಡೆಯದ ಹಾಗೆ ಕರುಳು ತೆಗೆಯುವುದು. ಕೈಗೆ ತಲೆಯ ಸಹಾಯ ಬೇಡ. ತಲೆ ಬೇರೆಲ್ಲೋ ಇತ್ತು — ಬೆಳಿಗ್ಗೆ ಓದಿದ ಪದ್ಯದ ಕೊನೆಯ ಸಾಲಿನಲ್ಲಿ.

ಒಳಗೆ ನಗು. ತಮ್ಮ ವಿಶಾಲ, ಅವನ ಇಬ್ಬರು ಸ್ನೇಹಿತರು. ಬಸವೇಶ ಗದಗಿನವ, ಬ್ರ್ಯಾಂಪ್ಟನ್ನಿನಲ್ಲಿ ಟ್ರಕ್ ಕಂಪನಿಯ ಡಿಸ್ಪ್ಯಾಚರ್. ಅವನ ಮನೆಯೊಳಗೆ ಮೊಟ್ಟೆಯೂ ಬರುವಂತಿಲ್ಲ. ಇಲ್ಲಿ ಹೊಟ್ಟೆ ತುಂಬ ಮೀನು ತಿಂದು, ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಹೋಗುತ್ತಾನೆ. ನಿಜಗುಣ ಪಿಕರಿಂಗಿನ ಅಣು ವಿದ್ಯುತ್ ಸ್ಥಾವರದಲ್ಲಿ. ಮಾತು ಕಡಿಮೆ, ಊಟ ಜಾಸ್ತಿ. ಮಂಜು ಕರಗಿದ ಮೇಲೆ ಪ್ರತಿ ಶನಿವಾರ ಮೂವರೂ ವಿಶಾಲನ ದೋಣಿಯಲ್ಲಿ ಸಿಮ್ಕೊ ಲೇಕಿಗೆ. ಹಿಡಿಯುವುದು ಅವರು. ಶುಚಿ ಮಾಡುವುದು, ಹುರಿಯುವುದು ನಾನು.

ಹುರಿದ ತಟ್ಟೆ ಮೇಜಿನ ಮೇಲಿಟ್ಟು ಹೇಳಿದೆ — ಮುಂದಿನ ವಾರ ನಾನೂ ಬರುತ್ತೇನೆ.

ತಮಾಷೆ ಎಂದುಕೊಂಡರು. ಅಲ್ಲವೆಂದು ಗೊತ್ತಾದಾಗ ಕಾರಣಗಳು ಒಂದೊಂದಾಗಿ ಬಂದವು. ಬಾತ್‌ರೂಮಿಲ್ಲ. ಗಾಳಿ ಜೋರು. ನಾಲ್ಕನೇ ಸೀಟಿನಲ್ಲಿ ಐಸ್ ಬಾಕ್ಸ್ ಇಡಬೇಕು. ಕೊನೆಗೆ ವಿಶಾಲ ಎಂದ, “ನಮ್ಮಲ್ಲಿ ಹೆಂಗಸರು ದೋಣಿ ಹತ್ತಿದ್ದು ಎಲ್ಲಿ ನೋಡಿದ್ದಿ ನೀನು? ಮೀನು ಹಿಡಿಲಿಕ್ಕೆ ಹೋಗುದಾ ಅಕ್ಕ, ಈ ಪ್ರಾಯದಲ್ಲಿ?”

ನಿಜ, ಎಲ್ಲೂ ನೋಡಿಲ್ಲ. ಅಪ್ಪ ಸಮುದ್ರಕ್ಕೆ ಹೋಗುತ್ತಿದ್ದರು, ಅಮ್ಮ ದಡದಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಹತ್ತಬಾರದು, ಅಷ್ಟೇ. ಯಾಕೆಂದು ಯಾರೂ ಹೇಳಲಿಲ್ಲ. ಹತ್ತಬಹುದಾಗಿದ್ದ ಈ ವಿಶಾಲ ಹತ್ತಿದ್ದು ಒಂದೇ ಸಲ. ಬಂದರು ದಾಟುವ ಮೊದಲೇ ವಾಂತಿ.

ಅದನ್ನು ಅವನ ಸ್ನೇಹಿತರ ಮುಂದೆ ಹೇಳಲಿಲ್ಲ. ಹೇಳಬೇಕಿತ್ತು.

ಏಪ್ರಿಲ್ 27, ಭಾನುವಾರ

ಹೇಳಿದೆ. ಅದನ್ನಲ್ಲ, ಬೇರೆಯದನ್ನು. ತಿಂಡಿಯ ಹೊತ್ತಿಗೆ, ಶಾಂತವಾಗಿ. ನಾನು ಆ ದೋಣಿಯಲ್ಲಿ ಕೂರುವ ತನಕ ಆ ದೋಣಿಯಿಂದ ಬಂದ ಮೀನನ್ನು ಮುಟ್ಟುವುದಿಲ್ಲ.

ವಿಶಾಲ ದೋಸೆ ತಿನ್ನುತ್ತಲೇ ಇದ್ದ. ಅವನ ಹೆಂಡತಿ ಅಶ್ವಿತಾ ನನ್ನನ್ನೇ ನೋಡಿದಳು. ಅವರ ಮಗಳು ತನ್ವಿ, ಸೋದರತ್ತೆಯನ್ನು ಮಾಮಿ ಎನ್ನುವವಳು, ಫೋನಿನಿಂದ ತಲೆಯೆತ್ತಿ, “ಮಾಮಿ ಈಸ್ ಆನ್ ಸ್ಟ್ರೈಕ್” ಎಂದಳು.

ಹೌದು. ಸ್ಟ್ರೈಕ್.

ಮೇ 3, ಶನಿವಾರ

ಬಕೆಟ್ ಬಂತು. ಗರಾಜಿನಲ್ಲಿ ಇಟ್ಟರು. ನಾನು ಕೆಳಗೆ ಬೇಸ್‌ಮೆಂಟಿನಲ್ಲಿ ಅಸೈನ್‌ಮೆಂಟ್ ಬರೆಯುತ್ತಿದ್ದೆ. ಈ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿ. ಇಪ್ಪತ್ತು ವರ್ಷ ಕನ್ನಡ ಕಲಿಸಿ, ಈಗ ನ್ಯೂಮಾರ್ಕೆಟ್ಟಿಗೆ ಬಸ್ ಹಿಡಿದು ಹೋಗಿ ಲೈಬ್ರರಿ ಕೆಲಸದ ಪೋಸ್ಟ್ ಗ್ರಾಜುಯೇಟ್ ಸರ್ಟಿಫಿಕೇಟ್ ಓದುತ್ತಿರುವವಳು. ತಮ್ಮನ ಮನೆಯ ಬೇಸ್‌ಮೆಂಟ್. ಬಾಡಿಗೆ ಕೇಳಿದವನಲ್ಲ. ಅದಕ್ಕೇ ಅಡುಗೆ ನನ್ನದೆಂದು ನಾನೂ ಅಂದುಕೊಂಡಿದ್ದೆ. ಅಡುಗೆಗೆ ಈಗಲೂ ತಕರಾರಿಲ್ಲ. ಅನ್ನ, ಸಾರು, ಪಲ್ಯ ಮಾಡಿಟ್ಟಿದ್ದೆ.

ವಿಶಾಲ ಮೆಟ್ಟಿಲ ಮೇಲೆ ನಿಂತು ಕರೆದ. ಬರುವುದಿಲ್ಲ ಎಂದೆ. ಆಮೇಲೆ ತುಳುವಿನಲ್ಲಿ ಒಂದು ಮಾತು, ಬಸವೇಶನಿಗೆ ತಿಳಿಯದಿರಲಿ ಎಂದು. ನಿನಗೆ ಇಷ್ಟೆಲ್ಲ ಮಾಡಿದ್ದೇವೆ, ನಾಲ್ಕು ಮೀನು ಶುಚಿ ಮಾಡಿಕೊಡಲು ಆಗುವುದಿಲ್ಲವೇ, ಎಂದು.

ನಾಟಿತು. ತುಳುವಿನಲ್ಲಿ ಬಂದದ್ದು ಹೆಚ್ಚೇ ನಾಟುತ್ತದೆ. ಮೇಲೆ ಹೋಗಿ ಆ ಬಕೆಟ್ಟಿನ ಮುಂದೆ ಕೂತುಬಿಡೋಣ ಅನಿಸಿತು, ಒಂದು ನಿಮಿಷ. ಕೂತರೆ ಮತ್ತೆ ಏಳುವುದಿಲ್ಲ ಎಂದೂ ಅನಿಸಿತು.

ಪಿಜ್ಜಾ ತರಿಸಿದರು.

ಮೇ 6, ಮಂಗಳವಾರ

ಮೀನು ಹಿಡಿಯುವ ಲೈಸೆನ್ಸ್ ತೆಗೆದುಕೊಂಡೆ. ಆನ್‌ಲೈನ್. ನನ್ನ ಹೆಸರು, ಕಣ್ಣಿನ ಬಣ್ಣ, ಎತ್ತರ. ಪದ್ಮಾ ಎಂಬ ಹೆಸರಿನ ಮುಂದೆ ಮೊದಲ ಸಲ ಮೀನು ಹಿಡಿಯುವವಳು ಎಂದು ಬಿದ್ದಿತು. ಅಪ್ಪನ ಹತ್ತಿರ ಇಂಥದ್ದೊಂದು ಕಾಗದ ಇತ್ತೋ ಇಲ್ಲವೋ.

ಕೆನೇಡಿಯನ್ ಟೈರ್ ಅಂಗಡಿಯಲ್ಲಿ ಒಂದು ಗಾಳದ ಕೋಲು, ರೀಲು. ರಬ್ಬರಿನ ಹುಳುಗಳ ಪೊಟ್ಟಣ — ನೇರಳೆ ಬಣ್ಣ, ಎಳ್ಳಿನಂಥ ಚುಕ್ಕೆ, ಬೆರಳಿಗೆ ಉಪ್ಪು ಹತ್ತುತ್ತದೆ. ಉಪ್ಪಿಲ್ಲದ ನೀರಿಗೆ ಉಪ್ಪು ಹಚ್ಚಿದ ಹುಳು.

ಅಶ್ವಿತಾ ಆಸ್ಪತ್ರೆಯ ಶಿಫ್ಟಿನಿಂದ ಬಂದವಳು ಕೋಲು ನೋಡಿದಳು. ಬೈಯುತ್ತಾಳೆಂದುಕೊಂಡೆ. ಫ್ರಿಜ್ಜಿನಲ್ಲಿ ಆ ಬಕೆಟ್ಟಿನ ಮೀನು ಹಾಗೇ ಇದೆ, ವಾಸನೆ ಹೊಡೆಯುತ್ತಿದೆ. ಬೂಟು ಬಿಚ್ಚುತ್ತ ಹೇಳಿದಳು, “ಇವರು ನನ್ನ ಹತ್ರ ಕೇಳಿದ್ರು ಅಕ್ಕ, ನೀನಾದ್ರೂ ಮಾಡು ಅಂತ. ನಂಗೆ ಬರುದಿಲ್ಲ ಅಂದೆ.”

“ಬರುದಿಲ್ವಾ?”

“ಬರ್ತದೆ.”

ಬೂಟು ಗೂಡಿನಲ್ಲಿಟ್ಟು ಮೇಲೆ ಹೋದಳು.

ಮೇ 11, ಭಾನುವಾರ

ಕೆಸ್ವಿಕ್ಕಿನ ಡಾಕ್, ಸಿಮ್ಕೊ ಲೇಕಿನೊಳಕ್ಕೆ ಚಾಚಿದ ಹಲಗೆದಾರಿ. ಮನೆಯಿಂದ ನಡೆದೇ ಹೋಗಬಹುದು. ಎರಡು ತಾಸು ಎಸೆದೆ. ಮೊದಲ ಎಸೆತ ಹಿಂದಕ್ಕೆ ಹೋಗಿ ಬೇಲಿಗೆ ಸಿಕ್ಕಿತು. ಎರಡನೆಯದು ನನ್ನ ಜಾಕೆಟ್ಟಿನ ಹುಡ್ಡಿಗೆ. ಆಮೇಲೆ ರೀಲಿನಲ್ಲಿ ದಾರ ಗೋಜಲಾಗಿ, ಅದನ್ನು ಬಿಡಿಸುವುದರಲ್ಲೇ ಬಿಸಿಲು ಹೋಯಿತು. ಹತ್ತಿರ ಮಡಚು ಕುರ್ಚಿ ಹಾಕಿ ಕೂತಿದ್ದ ಬಿಳಿಗೂದಲ ಹೆಂಗಸು ಏನೂ ಹೇಳಲಿಲ್ಲ. ಅದಕ್ಕೆ ಅವಳು ಇಷ್ಟವಾದಳು.

ನೀರು ನೋಡಿದೆ. ಆಚೆ ದಡ ಮಬ್ಬು, ಅಲೆ ಇದೆ, ಸಮುದ್ರವೇ ಎಂದು ಕಣ್ಣು ಮೋಸಹೋಗುತ್ತದೆ. ಮೂಗು ಹೋಗುವುದಿಲ್ಲ. ಈ ನೀರಿಗೆ ವಾಸನೆಯೇ ಇಲ್ಲ.

ನನಗೆ ಬೇಕಾದದ್ದು ಬಾಸ್ ಎಂಬ ದೊಡ್ಡ ಬಾಯಿಯ ಮೀನು, ಅದನ್ನು ಹಿಡಿಯಲು ಈಗ ಕಾಲವಲ್ಲ. ಬೇಸಿಗೆ ಬರಬೇಕು. ಅಷ್ಟರೊಳಗೆ ಸನ್‌ಫಿಶ್ ಎಂಬ ಬಿಲ್ಲೆಯಂಥ ಮೀನಿನ ಮೇಲೆ ಕಲಿಯಬೇಕು. ಒಂದೂ ಸಿಗಲಿಲ್ಲ. ನಾಳೆಯೂ ಹೋಗುತ್ತೇನೆ.

ಮೇ 24, ಶನಿವಾರ

ಎರಡು ವಾರದಿಂದ ಬರೆದಿಲ್ಲ. ಎಸೆಯುತ್ತಿದ್ದೆ.

ಈಗ ಹುಳು ನಾನು ಹೇಳಿದಲ್ಲಿ ಬೀಳುತ್ತದೆ, ಹೆಚ್ಚುಕಡಿಮೆ. ಸನ್‌ಫಿಶ್ ಸಿಗುತ್ತಿವೆ. ದಾರ ಬೆರಳಿಗೆ ತಾಗಿಸಿಕೊಂಡು ನಿಂತರೆ ಕೆಳಗೆ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಇದು ಕಲ್ಲು, ಇದು ಕಳೆ, ಇದು ಜೀವ. ಪದ್ಯವನ್ನು ಎರಡನೇ ಸಲ ಓದುವಾಗಲೂ ಹೀಗೇ, ಬೆರಳು ಮೊದಲು, ಅರ್ಥ ಆಮೇಲೆ.

ಮನೆಯಲ್ಲಿ ಬಸವೇಶ ಸ್ವತಃ ಮೀನು ಶುಚಿ ಮಾಡಲು ಕೂತಿದ್ದ. ಅಡುಗೆಮನೆಯ ಸಿಂಕಿನಲ್ಲಿ. ತಲೆಯಿಂದ ಬಾಲಕ್ಕೆ ಕೆರೆಯುತ್ತಿದ್ದ, ಹುರುಪೆ ಬರದೆ ಮೀನು ಜಾರಿ ಜಾರಿ ಬೀಳುತ್ತಿತ್ತು. ನನ್ನನ್ನು ಕಂಡವನೇ ಶುರು ಮಾಡಿದ, “ಪದ್ಮಕ್ಕಾರ, ಎಂ.ಎ. ಮಾಡಿದೋರು ನೀವು, ಸ್ವಲ್ಪ ಕರುಣಾ ಇರ್ಲಿ. ತಿಂಗಳಾತು ನಾಲಿಗಿ ಸತ್ತು.”

ಬಾಲದ ಕಡೆಯಿಂದ ಕೆರೆಯಬೇಕು ಎಂದು ಹೇಳಬಹುದಿತ್ತು. ಚಹಾ ಮಾಡಿಕೊಂಡು ಕೆಳಗೆ ಬಂದೆ.

ಜೂನ್ 1, ಭಾನುವಾರ

ಬರೆಯುವ ಮನಸ್ಸಿಲ್ಲ. ಬರೆಯದಿದ್ದರೆ ನಾಳೆ ಬೇರೆ ಥರ ನೆನಪಾಗುತ್ತದೆ.

ಡಾಕಿನ ಕೊನೆಯಲ್ಲಿ, ಸಣ್ಣ ಕೊಕ್ಕೆ, ನಿಜವಾದ ಎರೆಹುಳು, ಸನ್‌ಫಿಶ್‌ಗೆಂದು. ಹಿಡಿದದ್ದು ಸನ್‌ಫಿಶ್ ಅಲ್ಲ. ಕೋಲು ಬಾಗಿತು. ನೀರೊಡೆದು ಒಂದು ಮೀನು ಮೇಲೆ ಹಾರಿ ತಲೆ ಕೊಡವಿತು. ಬಾಸ್. ಮೊಣಕೈ ಉದ್ದ. ರೀಲು ಸುತ್ತಿ ಸುತ್ತಿ ಹಲಗೆಯ ಮೇಲೆ ಎಳೆದುಕೊಂಡೆ. ಕಾಲವಲ್ಲದ ಕಾಲದಲ್ಲಿ ಬಂದ ಬಾಸನ್ನು ಕೂಡಲೇ ಬಿಡಬೇಕು. ಅದು ಗೊತ್ತಿತ್ತು. ತಲೆಗೆ ಗೊತ್ತಿತ್ತು.

ಕೈ ಏನು ಮಾಡಿತು — ಕಿವಿರಿನ ಮುಚ್ಚಳ ಎತ್ತಿತು. ಒಳಗೆ ಕೆಂಪಿದೆಯೇ ಎಂದು ನೋಡಲು. ಮಲ್ಪೆ ಬಂದರಿನಲ್ಲಿ ಅಮ್ಮನ ಬುಟ್ಟಿಯ ಪಕ್ಕ ನಿಂತು ಕಲಿತದ್ದು. ಎತ್ತು, ಬೆರಳು ಹಾಕು, ನೋಡು, ಕೆಂಪಿದ್ದರೆ ತಾಜಾ.

ಕೆಂಪಿತ್ತು. ಅಂಥ ಕೆಂಪು ನಾನು ಯಾವ ಬುಟ್ಟಿಯಲ್ಲೂ ನೋಡಿಲ್ಲ. ಮೀನು ಕೊಸರಿಕೊಂಡಿತು, ಬೆರಳು ಒಳಗಿತ್ತು, ಏನೋ ಹರಿಯಿತು. ಆಮೇಲೆ ಆ ಕೆಂಪೆಲ್ಲ ನನ್ನ ಮಣಿಕಟ್ಟಿನ ಮೇಲೆ.

ಮಡಚು ಕುರ್ಚಿಯ ಹೆಂಗಸು ಎದ್ದು ಬಂದಳು. ತಾಜಾ ಇದೆಯೇ ಎಂದು ನೋಡುತ್ತಿದ್ದೀಯಾ, ಅದು ಜೀವಂತ ಇದೆಯಲ್ಲ, ಎಂದಳು ಇಂಗ್ಲಿಷಿನಲ್ಲಿ. ಬೈದದ್ದಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ನೀರಿಗೆ ಬಿಟ್ಟೆ. ಮಗ್ಗುಲಾಗಿ ತೇಲಿತು. ಬೆರಳಿಂದ ನೇರ ಮಾಡಿದೆ, ಮತ್ತೆ ಮಗ್ಗುಲಾಯಿತು. ಸತ್ತದ್ದನ್ನೂ ಮನೆಗೆ ತರುವಂತಿಲ್ಲ, ನಿಯಮ. ಮೀನಿನ ತಲೆಯನ್ನೂ ಬಿಸಾಡದ ಮನೆಯಲ್ಲಿ ಹುಟ್ಟಿದವಳು ಒಂದು ಇಡೀ ಮೀನನ್ನು ನೀರಿಗೆ ಬಿಟ್ಟು ನಿಂತೆ. ಸೀಗಲ್ ಹಕ್ಕಿ ಬಂತು.

ನನಗೆ ಗೊತ್ತಿರುವುದೆಲ್ಲ ಸತ್ತ ಮೀನು. ದಡಕ್ಕೆ ಬಂದ ಮೇಲಿನ ಮೀನು. ಬೆಲೆ, ತಾಜಾತನ, ಕತ್ತಿ, ಮಸಾಲೆ. ಅದರ ಮೊದಲಿನದು ಗಂಡಸರ ಹತ್ತಿರ ಇತ್ತು. ಕೊಡಲಿಲ್ಲ, ನಾವೂ ಕೇಳಲಿಲ್ಲ.

ಊಟದ ಹೊತ್ತಿಗೆ ನಾನೇ ಹೇಳಿದೆ, ಬೇರೆಯವರಿಂದ ತಿಳಿಯುವುದು ಬೇಡವೆಂದು. ವಿಶಾಲ ನಗಲಿಲ್ಲ. ಮೃದುವಾಗಿ ಹೇಳಿದ, “ಅದಕ್ಕೇ ಹೇಳಿದ್ದು ಅಕ್ಕ. ನಿನ್ನ ಕೈ ಅಡುಗೆಯ ಕೈ.”

ನಕ್ಕಿದ್ದರೆ ಸಹಿಸುತ್ತಿದ್ದೆ.

ಜೂನ್ 9, ಸೋಮವಾರ

ಕೋಲು ಮೂಲೆಯಲ್ಲಿದೆ. ವಾರವಾಯಿತು. ಬಿಟ್ಟುಬಿಟ್ಟಿದ್ದೇನೆ ಎಂದು ವಿಶಾಲ ತಿಳಿದಿದ್ದಾನೆ. ಶನಿವಾರದ ಬಕೆಟ್ಟನ್ನು ನನ್ನ ಬಾಗಿಲ ಹತ್ತಿರವೇ ಇಟ್ಟು ಹೋದ. ನಾನು ಅದನ್ನು ಎತ್ತಿ ಅವನ ಕಾರಿನ ಮುಂದಿಟ್ಟೆ.

ಲೈಬ್ರರಿಯಿಂದ ತಂದ ಪುಸ್ತಕ ಓದುತ್ತಿದ್ದೇನೆ. ಬಾಸ್ ಮೀನಿನಲ್ಲಿ ಗೂಡು ಮಾಡುವವನು ಗಂಡು. ಬಾಲದಿಂದ ಮಣ್ಣು ಗುಡಿಸಿ, ಮೊಟ್ಟೆಗಳ ಮೇಲೆ ನಿಂತು ಕಾಯುತ್ತಾನೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತಾಳೆ, ದೊಡ್ಡ ನೀರಿಗೆ. ಈ ದಿನಗಳಲ್ಲಿ ಬಾಸ್ ಹಿಡಿಯಬಾರದು ಎನ್ನುವುದು ಅದಕ್ಕೇ. ಕಾವಲಿನವನು ಹೋದರೆ ಗೂಡು ಹೋಯಿತು.

ಹಾಗಾದರೆ ಜೂನ್ ಒಂದರಂದು ನಾನು ಕೊಂದದ್ದು ಕಾವಲಿಗೆ ನಿಂತವನೇ ಇರಬೇಕು. ಇದನ್ನು ಓದದಿದ್ದರೆ ಚೆನ್ನಾಗಿತ್ತು. ಇಲ್ಲ. ಓದಿದ್ದು ಒಳ್ಳೆಯದೇ.

ದೊಡ್ಡ ನೀರಿಗೆ ಹೋಗುವವಳು ಹೆಣ್ಣು. ಇದನ್ನು ವಿಶಾಲನಿಗೆ ಯಾವಾಗ ಹೇಳಲಿ.

ಜೂನ್ 15, ಭಾನುವಾರ

ಹೋದೆ. ಮಡಚು ಕುರ್ಚಿಯ ಹೆಂಗಸು ಇದ್ದಳು. ಬಾಸನ್ನು ಕೈಯಲ್ಲಿ ಹಿಡಿಯುವುದು ಹೇಗೆ ಎಂದು ಕೇಳಿದೆ, ಬಾಯಿಬಿಟ್ಟು. ನಲವತ್ತೆಂಟು ವರ್ಷಕ್ಕೆ ಮೀನಿನ ಬಗ್ಗೆ ಯಾರನ್ನಾದರೂ ಕೇಳಿದ್ದು ಇದೇ ಮೊದಲು. ಅವಳು ಗಾಳಿಯಲ್ಲಿ ಹೆಬ್ಬೆರಳು ತೋರಿಸಿದಳು. ಕೆಳದುಟಿಯ ಒಳಗೆ ಹೆಬ್ಬೆರಳು, ಹೊರಗೆ ತೋರುಬೆರಳು. ಅಷ್ಟೇ. ಕೈ ಮೊದಲು ಒದ್ದೆ ಮಾಡಿಕೋ.

ಬಂದು ಸ್ನಾನದ ಟಬ್ಬಿನಲ್ಲಿ ನೀರು ತುಂಬಿ, ಒದ್ದೆ ಕೈಯಲ್ಲಿ ರಬ್ಬರ್ ಚಪ್ಪಲಿ ಹಿಡಿದು ಅಭ್ಯಾಸ ಮಾಡಿದೆ. ಚಪ್ಪಲಿಗೆ ಕಿವಿರಿಲ್ಲ. ಆದರೂ ಬೆರಳು ಮೊದಲು ಪಕ್ಕಕ್ಕೇ ಹೋಯಿತು. ಮತ್ತೆ. ಮತ್ತೆ. ತನ್ವಿ ಬಾಗಿಲಲ್ಲಿ ನಿಂತು ನೋಡಿ ಹೋದಳು.

ಜೂನ್ 22, ಭಾನುವಾರ

ಗೆದ್ದೆ. ಅಥವಾ ಹಾಗೆ ಕಾಣುತ್ತದೆ.

ನಿಜಗುಣನಿಗೆ ಮುಂದಿನ ವಾರ ಸ್ಥಾವರದಲ್ಲಿ ಡ್ಯೂಟಿ. ಸೀಟು ಖಾಲಿ. ಬಸವೇಶ ಫೋನಿನಲ್ಲಿ ವಿಶಾಲನಿಗೆ ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಕೂಡ್ರಿಸ್ಕೊಳ್ಳೋ ಮಾರಾಯ, ಆಕಿ ಕೂತ್ರ ನನಗ ಮೀನ ಸಿಗ್ತದ.

ವಿಶಾಲ ಕೆಳಗಿಳಿದು ಬಂದ. ಶನಿವಾರ ಬೆಳಿಗ್ಗೆ ಐದಕ್ಕೆ ರೆಡಿ ಇರು ಎಂದ. ಹಿಂದೆ ತಿರುಗಿ ಸೇರಿಸಿದ, “ಸಂಜೆಗೆ ಮೀನಿನ ಪುಳಿಮುಂಚಿ ಮಾಡು ಹಾಗಾದ್ರೆ. ನೀನೇ ಹೇಳಿದ್ದಲ್ವಾ, ದೋಣಿಯಲ್ಲಿ ಕೂತ್ರೆ ಮುಟ್ತೇನೆ ಅಂತ. ಮಾತು ಮಾತೇ.”

ಹಾಗೇ ಹೇಳಿದ್ದೆ. ಏಪ್ರಿಲ್ 27ರ ಪುಟ ತಿರುವಿ ನೋಡಿದೆ. ಕೂರುವ ತನಕ ಮುಟ್ಟುವುದಿಲ್ಲ. ಕೂತ ಮೇಲೆ ಮುಟ್ಟುತ್ತೇನೆ ಎಂದೇ ಅವರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆನೇ? ಆಗ ಬಹುಶಃ ಹೌದು. ಸೀಟೊಂದು ಸಿಕ್ಕರೆ ಸಾಕು ಅನ್ನಿಸಿತ್ತು. ಒಂದು ದಿನ ದೋಣಿ, ಆಮೇಲೆ ಬೇಸಿಗೆಯಿಡೀ ಗರಾಜಿನ ನೆಲ.

ಸಾಲದು.

ಜೂನ್ 28, ಶನಿವಾರ, ಬೆಳಿಗ್ಗೆ

ಬಾಸ್ ಹಿಡಿಯುವ ಕಾಲ ಬಂದಿದೆ. ನಿದ್ದೆಯಾಗಿದೆ. ಫ್ಲಾಸ್ಕಿನಲ್ಲಿ ಚಹಾ. ಲೈಫ್ ಜಾಕೆಟ್ ಅಶ್ವಿತಾಳದು, ಅವಳೇ ತಂದುಕೊಟ್ಟಳು. ಕೋಲು ನನ್ನದು. ವಿಶಾಲ ಹಾರ್ನ್ ಮಾಡುತ್ತಿದ್ದಾನೆ, ನನ್ನ ಬಾಗಿಲ ಎದುರೇ ನಿಂತು.

ಅದೇ ದಿನ, ಸಂಜೆ

ಕ್ರಮವಾಗಿ ಬರೆಯುತ್ತೇನೆ. ಮೇಲಿನಿಂದ ಸದ್ದು ಬರುತ್ತಿದೆ, ಬರಲಿ.

ಐಸ್ ಬಾಕ್ಸನ್ನು ಕಾಲ ಕೆಳಗೆ ಇಟ್ಟರು. ಜಾಗ ಇತ್ತು. ಮೊದಲಿಂದಲೂ ಇತ್ತು. ದಡ ಬಿಟ್ಟಾಗ ಹಿಂದೆ ತಿರುಗಿ ನೋಡಿದೆ. ದಡದಲ್ಲಿ ಬುಟ್ಟಿ ಹಿಡಿದು ಯಾರೂ ನಿಂತಿರಲಿಲ್ಲ. ಮುಂದಕ್ಕೆ ತಿರುಗಿ ಕೂತೆ.

ಕೊಲ್ಲಿಯಲ್ಲಿ ಕಳೆಯ ಅಂಚಿಗೆ ನಿಲ್ಲಿಸಿದರು. ಇಬ್ಬರೂ ಮಾತಾಡುತ್ತ, ಎಸೆಯುತ್ತ, ಎಳೆಯುತ್ತ. ನೀರಿಗೆ ಪುರಸೊತ್ತೇ ಕೊಡಲಿಲ್ಲ. ಒಂದೊಂದು ಬಾಸ್ ಸಿಕ್ಕಿತು, ಐಸ್ ಬಾಕ್ಸಿಗೆ ಹೋಯಿತು. ಸ್ವಲ್ಪ ಪರ್ಚ್ ಕೂಡ. ನಾನು ನೇರಳೆ ಹುಳುವನ್ನು ಕಳೆಯ ಬಾಯಿಗೆ ಎಸೆದು, ಮುಳುಗಲು ಬಿಟ್ಟು ಸುಮ್ಮನೆ ಕೂತೆ. ಎಳೀರಿ ಅಕ್ಕಾರ, ನಿದ್ದಿ ಬಂತೇನು, ಎಂದ ಬಸವೇಶ. ಎಳೆಯಲಿಲ್ಲ. ಬೆರಳಿಗೆ ದಾರ ತಾಗಿತ್ತು.

ಕಲ್ಲಲ್ಲ. ಕಳೆಯಲ್ಲ.

ದಾರ ಪಕ್ಕಕ್ಕೆ ನಡೆಯತೊಡಗಿತು, ಯಾರೋ ಅದನ್ನು ಕೈಯಲ್ಲಿ ಹಿಡಿದು ಹೋಗುತ್ತಿರುವ ಹಾಗೆ. ಕೋಲು ಎತ್ತಿದೆ. ಆಮೇಲೆ ವಿಶಾಲ ಏನೇನೋ ಕೂಗುತ್ತಿದ್ದ. ರೀಲ್ ಮಾಡು, ಬಿಡು, ಕೋಲು ಇಲ್ಲಿ ಕೊಡು. ಕೊಡಲಿಲ್ಲ. ಮೀನು ದೋಣಿಯ ಅಡಿಗೆ ನುಗ್ಗಿತು, ಹೊರಬಂತು, ಹಾರಿತು. ಅದರ ತೆರೆದ ಬಾಯಿಯಲ್ಲಿ ನನ್ನ ಮುಷ್ಟಿ ಹಿಡಿಸುತ್ತಿತ್ತು. ಬಸವೇಶ ಬಲೆ ಚಾಚಿದ. ಬೇಡವೆಂದೆ. ಕೈ ನೀರಿನಲ್ಲಿ ಅದ್ದಿ ಒದ್ದೆ ಮಾಡಿದೆ. ಬೆರಳು ಒಂದು ಕ್ಷಣ ಪಕ್ಕಕ್ಕೆ, ಆ ಮುಚ್ಚಳದ ಕಡೆ ಹೊರಟಿತು — ಕಂಡೆ, ನಿಲ್ಲಿಸಿದೆ. ಹೆಬ್ಬೆರಳು ಕೆಳದುಟಿಗೆ ಹೋಯಿತು. ಮರಳು ಕಾಗದದಂಥ ಹಲ್ಲು. ಎತ್ತಿದೆ.

ಅವರ ಎರಡನ್ನೂ ಸೇರಿಸಿದರೂ ನನ್ನದರಷ್ಟು ಇರಲಿಲ್ಲ. ಇಬ್ಬರೂ ಬಾಗಿ ನೋಡಿದರು. ಮೀನಿನ ಕಣ್ಣು ನನ್ನ ಮೇಲೆ, ಹೊಟ್ಟೆ ಭಾರ. ಕಿವಿರು ತೆರೆದು ಮುಚ್ಚುತ್ತಿತ್ತು, ಒಳಗೆ ಕೆಂಪು, ನಾನು ನೋಡಬೇಕಾಗಿಲ್ಲದ ಕೆಂಪು.

ವಿಶಾಲ ಐಸ್ ಬಾಕ್ಸಿನ ಮುಚ್ಚಳ ತೆಗೆದು ಹಿಡಿದಿದ್ದ. “ಹಾಕು ಅಕ್ಕ. ಪುಳಿಮುಂಚಿಗೆ ಇದೊಂದೇ ಸಾಕು.”

ದೋಣಿಯ ಅಂಚಿಗೆ ಬಾಗಿ ಮೀನನ್ನು ನೀರಿಗೆ ಇಳಿಸಿದೆ. ತುಟಿ ಹಿಡಿದುಕೊಂಡೇ ಇದ್ದೆ, ಅದು ತಾನಾಗಿ ಕೊಡವಿಕೊಳ್ಳುವ ತನಕ. ಬಾಲದ ಒಂದು ಏಟು, ಮುಖಕ್ಕೆಲ್ಲ ನೀರು. ಹೋಯಿತು. ನೇರವಾಗಿ, ಮಗ್ಗುಲಾಗದೆ.

“ಹುಚ್ಚಾ ನಿಂಗೆ?” ವಿಶಾಲನ ಕೈಯಲ್ಲಿ ಮುಚ್ಚಳ ಹಾಗೇ ಇತ್ತು.

“ನಾನು ಹಿಡಿದದ್ದನ್ನು ನಾನು ಬಿಟ್ಟೆ. ನೀವು ಹಿಡಿದದ್ದನ್ನು ನೀವು ಶುಚಿ ಮಾಡಿ. ದೋಣಿಯಲ್ಲಿ ಕೂತವರಿಗೆಲ್ಲ ಒಂದೇ ಲೆಕ್ಕ.”

“ಮಾತು ಕೊಟ್ಟಿದ್ದಿ.”

“ಮುಟ್ಟುವುದಿಲ್ಲ ಅಂತ ಕೊಟ್ಟಿದ್ದೆ. ಮುಟ್ಟುತ್ತೇನೆ ಅಂತ ಯಾವತ್ತೂ ಹೇಳಿಲ್ಲ.”

ಬಸವೇಶನಿಗೆ ನಗು ತಡೆಯಲಾಗಲಿಲ್ಲ. ವಿಶಾಲನ ಬೆನ್ನಿಗೆ ಒಂದು ಬಿಟ್ಟು, “ತಗೋಪಾ, ಇನ್ನ ನಾವಿಬ್ರೂ ಕತ್ತಿ ಹಿಡಿಯೂದ,” ಎಂದ. ವಿಶಾಲ ನಗಲಿಲ್ಲ. ದೋಣಿಯನ್ನು ದಡಕ್ಕೆ ತಿರುಗಿಸಿದ. ಕಾರು ಮನೆ ಹತ್ತಿರ ಬಂದಾಗ, ಸ್ಟಿಯರಿಂಗ್ ಮೇಲೆ ಕಣ್ಣಿಟ್ಟು, ಯಾವ ಹುಳ ಹಾಕಿದ್ದಿ ನೀನು, ಎಂದು ಕೇಳಿದ. ನೇರಳೆ, ಎಂದೆ.

ಮುಂದಿನ ವಾರ ನಿಜಗುಣ ಬರುತ್ತಾನೆ. ಬರಲಿ. ಐಸ್ ಬಾಕ್ಸ್ ಎಲ್ಲಿ ಹಿಡಿಸುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು.

ಗರಾಜಿನಲ್ಲಿ ಕೆರೆಯುವ ಸದ್ದು. ತಲೆಯಿಂದ ಬಾಲಕ್ಕೆ, ತಪ್ಪು ದಿಕ್ಕಿಗೆ. ನಾನು ಕೆಳಗಿಳಿಯುವಾಗ ಅಶ್ವಿತಾ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಳು, ಈಗ ಟಿವಿಯ ಸದ್ದು ಜೋರು ಮಾಡಿದಳು. ಈಗ ವಿಶಾಲ ಕೂಗುತ್ತಿದ್ದಾನೆ, ಅಕ್ಕ, ಪಿತ್ತ ಒಡೀತು, ಎಂತ ಮಾಡುದು. ತೊಳೆ, ಎಂದು ಇಲ್ಲಿಂದಲೇ ಕೂಗಿದೆ.

ಮೆಟ್ಟಿಲ ಮೇಲೆ ಹೆಜ್ಜೆ. ಅವನೇ. ಅಮ್ಮನ ಮೆಟ್ಟುಕತ್ತಿ ಕೇಳಲು ಬರುತ್ತಿರಬೇಕು. ಕತ್ತಿ ಕೊಡುತ್ತೇನೆ. ಯಾವ ಕಡೆಯಿಂದ ಕೆರೆಯಬೇಕು ಎಂದೂ ಹೇಳುತ್ತೇನೆ. ಕೈ ಮಾತ್ರ ಹಾಕುವುದಿಲ್ಲ.